ಗ್ಯಾನಪ್ಪ ಕಟ್ಟಿದ ಸರದಿ

ಸಿಂಧನೂರಿನ ದಾಖಲೆ ಕೇಂದ್ರದಲ್ಲಿ ಕಂಪ್ಯೂಟರ್ ನೋಡಿಕೊಂಡಿದ್ದು, ಹೋದ ತಿಂಗಳಷ್ಟೇ ನಿವೃತ್ತನಾದ ಗ್ಯಾನಪ್ಪ ತೀರಿಕೊಂಡ ಸುದ್ದಿ ಬೆಳಗಿನ ಚಹಾದ ಹೊತ್ತಿಗೆ ಬಳಗಾನೂರಿನ ಓಣಿಯಲ್ಲೆಲ್ಲ ಹಬ್ಬಿತು. ಅವನಿಗೆ ಹಿಂದೆ ಮುಂದೆ ಯಾರೂ ಇರಲಿಲ್ಲ. ಗೆಳೆಯ ಪಂಪಾಪತಿ ತನ್ನ ಹೊಲದ ಬೇವಿನ ಬುಡದಲ್ಲೇ ಮಣ್ಣು ಮಾಡುತ್ತೇನೆಂದು ಅವನಿಗೆ ಮಾತು ಕೊಟ್ಟಿದ್ದ. ಅತ್ತು ಮುಗಿಸಿ ಗುದ್ದಲಿ ಎತ್ತಿದರೆ, ಪಕ್ಕದ ಹೊಲದ ಹುಸೇನಪ್ಪ ಅಡ್ಡ ನಿಂತ.

"ಬೇವು ನಂದೈತಿ. ನಿಂದಂದ್ರ ನಕ್ಷೆ ತಗೊಂಡು ಬಾ. ಹೊತ್ತು ಮುಳುಗೋದ್ರಾಗ ಮಣ್ಣಾಗಬೇಕು, ನೋಡು ಮತ್ತ."

ಪಂಪಾಪತಿ ಬಸ್ಸು ಹಿಡಿದು ಸಿಂಧನೂರಿಗೆ ಬಂದು ಕೇಂದ್ರದಲ್ಲಿ ಮೊದಲನೆಯ ಅರ್ಜಿ ಕೊಟ್ಟ. ಮಧ್ಯಾಹ್ನವಾದರೂ ನಕ್ಷೆ ಬರಲಿಲ್ಲ. ಆಮೇಲೆ ಬಂದ ಹಸೀನಾಬೀ ದವಾಖಾನೆಯ ಚೀಟಿ ಹಿಡಿದು ಹೋದಳು. ಪಂಪಮ್ಮನಿಗೆ ರೇಷನ್ ಕಾರ್ಡ್ ಸಿಕ್ಕಿತು.

"ಕಾಕಾ, ಒಳಗ ಏನೋ ನಡದೈತಿ," ಎಂದು ಹಿಂದಿದ್ದ ಜಿಲಾನಿಸಾಬ್ ಕಿವಿಯೂದಿದ.

ಪಂಪಾಪತಿ ಮರಿ ಕಳೆದುಕೊಂಡ ಬೆಕ್ಕಿನಂತೆ ಕಿಟಕಿಯಲ್ಲಿ ಇಣುಕಿದ. ಅರ್ಜಿ ತೆಗೆದುಕೊಳ್ಳುವ ರಾಜಶ್ರೀಯ ಮೇಜಿನ ಮೇಲೆ ಬುತ್ತಿ ಇತ್ತು. ಅದನ್ನು ತಂದುಕೊಟ್ಟವರು ಹಸೀನಾಬೀಯೋ, ಪಂಪಮ್ಮನೋ? ಅಷ್ಟರಲ್ಲಿ ಜಿಲಾನಿಸಾಬನೂ ಮಗನ ಜನನ ಪತ್ರ ಹಿಡಿದು ಹಲ್ಲು ಕಿರಿಯುತ್ತ ನಡೆದ.

"ಯವ್ವಾ, ಮೊದಲ ಬಂದಾಂವ ನಾನು! ಯಾರ ಬುತ್ತಿ ಉಂಡೀರಿ?"

"ನಮ್ಮವ್ವ ಕಟ್ಟಿದ್ದು ರೀ," ಎಂದಳು ರಾಜಶ್ರೀ. "ಕಾಕಾರ, ಕಂಪ್ಯೂಟರು ಯಾರು ಮೊದಲ ಬಂದ್ರಂತ ನೋಡಂಗಿಲ್ಲ. ಯಾವ ದಾಖಲೆ ತೆಗೀಬೇಕಂತ ನೋಡತೈತಿ. ದವಾಖಾನಿ, ರೇಷನ್ನು, ಜನನ ಮೊದಲ. ಹೊಲದ ನಕ್ಷೆ ತೆಗಿಯಾಕ ಬಾಳ ಹೊತ್ತು, ಅದು ಎಲ್ಲಾರ ಹಿಂದ."

"ಯಾವ ತಲಿಕೆಟ್ಟಾಂವ ಹಂಗ ಮಾಡ್ಯಾನ?"

"ಗ್ಯಾನಪ್ಪ ಸರ್ ರೀ. ಹೋದ ವರ್ಷ ದವಾಖಾನಿ ಚೀಟಿಗೆ ನೀವಾ ಬಂದು ಒದರ್ಯಾಡಿದ್ರಿ, ನಕ್ಷೆಯವರನ್ನ ಹಿಂದ ಹಾಕ್ರಿ, ಹೊಲ ಓಡಿ ಹೋಗತೈತೇನು ಅಂತ. ನನ್ನ ಗೆಳೆಯಾ ಖರೇ ಹೇಳ್ಯಾನಂತ ಸರ್ ಅವತ್ತಾ ಬದಲಿ ಮಾಡಿದ್ರು."

"ಈಗ ತಿರುಗಿ ಬದಲಿ ಮಾಡವ್ವ!"

"ಅದು ಗೊತ್ತಿದ್ದದ್ದು ಅವರೊಬ್ಬರಿಗೇ ರೀ."

ನಕ್ಷೆ ಕೈಗೆ ಬಂದಾಗ ಐದು ಗಂಟೆ. ಪಂಪಾಪತಿ ಹೊಲಕ್ಕೆ ಓಡೋಡಿ ಬಂದಾಗ ಸೂರ್ಯ ಭತ್ತದ ಗದ್ದೆಯಾಚೆ ಇಳಿದಿದ್ದ. ಬೇವಿನ ಬುಡದಲ್ಲಿ ಹಸಿ ಮಣ್ಣಿನ ದಿಬ್ಬ. ಹುಸೇನಪ್ಪ ಕೈ ತೊಳೆಯುತ್ತಿದ್ದ.

"ಹೊತ್ತು ನಿಲ್ಲಂಗಿಲ್ಲಲೇ. ನಾನೇ ಮಣ್ಣು ಕೊಟ್ಟೆ. ನಿನ್ನ ಮಾತು ಉಳೀತು, ಸುಮ್ನಿರು. ಅಂದಂಗ, ನಕ್ಷೆ ಏನಂತೈತಿ?"

ಪಂಪಾಪತಿ ಬಿಡಿಸಿ ನೋಡಿದ. ಗಡಿಯ ಗೆರೆ ಬೇವಿನಿಂದ ಹತ್ತು ಹೆಜ್ಜೆ ಈಚೆಗೆ, ತನ್ನ ಹೊಲದ ಕಡೆಗೇ ಇತ್ತು. ಬೇವು ಹುಸೇನಪ್ಪನದೇ. ಪಂಪಾಪತಿ ಕಾಗದವನ್ನು ಮಡಚಿ ಕಿಸೆಗಿಟ್ಟು, ದಿಬ್ಬದೆದುರು ಕೈ ಮುಗಿದ.

"ದೇವರೇ, ನನ್ನ ಗ್ಯಾನಪ್ಪನ ಆತ್ಮಕ್ಕೆ ಶಾಂತಿ ಕೊಡು. ಹೊಲದ ಕಡೆಯಿಂದ ಬಂದವನೆಂದು ಅವನನ್ನು ಎಲ್ಲರ ಹಿಂದೆ ನಿಲ್ಲಿಸಬೇಡಪ್ಪಾ."