ತಡವಾದ ಗಾಡಿಯ ಪಾಠ

ವಿಶ್ವವಿದ್ಯಾಲಯ ಸೇರಬಯಸುವ ಪ್ರತಿಯೊಬ್ಬ ವಿದ್ಯಾರ್ಥಿಗೂ ಪ್ರಾಥಮಿಕ ಇಂಗ್ಲಿಷ್ ಕೌಶಲ ಕಡ್ಡಾಯವೆಂದೂ, ಸದರಿ ಕೌಶಲವನ್ನು ಕಿವಿಯಿಂದಲೇ ಆರಂಭಿಸತಕ್ಕದ್ದೆಂದೂ ಆದೇಶವಾಗಿರುತ್ತದೆ. ಅದಕ್ಕಾಗಿ ಚಿತ್ತಾಪುರದ ನಮ್ಮ ಕಾಲೇಜಿಗೆ ಭಾಷಾ ಪ್ರಯೋಗಾಲಯವೂ ಬಂದಿದೆ. ಉದ್ಘಾಟಿಸಬೇಕಾದ ಗಣ್ಯರಿಗೆ ಪುರಸೊತ್ತು ಸಿಗದ ಕಾರಣ ಅದಕ್ಕೆ ಬೀಗ ಹಾಕಿ, ಬೀಗಕ್ಕೆ ರಿಬ್ಬನ್ ಕಟ್ಟಲಾಗಿದೆ. ರಿಬ್ಬನ್ ಕತ್ತರಿಸದೆ ಒಳಗೆ ಹೋದರೆ ಗಣ್ಯರಿಗೆ ಅಗೌರವ.

ಪ್ರಿನ್ಸಿಪಾಲ ಕಲ್ಯಾಣಪ್ಪನವರು ಇಷ್ಟಕ್ಕೆಲ್ಲ ಕೈಚೆಲ್ಲುವ ಕುಳವಲ್ಲ. ವಾಡಿ ಜಂಕ್ಷನ್ನಿನ ಮೈಕಿನಲ್ಲಿ ಒಬ್ಬ ಹೆಣ್ಣುಮಗಳು ದಿನವಿಡೀ ಇಂಗ್ಲಿಷ್ ಮಾತಾಡುತ್ತಾಳೆ, ಸಂಬಳ ಕೇಳುವುದಿಲ್ಲ, ರಜೆ ಹಾಕುವುದಿಲ್ಲ ಎಂಬುದನ್ನು ಗಮನಿಸಿ, ಆ ಮೈಕಿನ ಕೆಳಗಿನ ಬೆಂಚುಗಳನ್ನೇ ತರಗತಿಯೆಂದು ಘೋಷಿಸಿದರು. ‘ಪಾಠ ನಡೆಯುವಾಗ ಗಾಡಿ ಹತ್ತಿದವರನ್ನು ಗೈರುಹಾಜರೆಂದು ಪರಿಗಣಿಸಲಾಗುವುದು’ ಎಂದು ಪ್ರಕಟಣೆ ಹೊರಟಿತು. ಇಂಗ್ಲಿಷಿನ ಹುದ್ದೆ ಖಾಲಿಯಿದ್ದುದರಿಂದ ಮೇಲ್ವಿಚಾರಣೆ ನನಗೆ ಬಿತ್ತು. ನಾನು ಇತಿಹಾಸದವನು. ಯಾರಿಗೂ ಬೇಡವಾದದ್ದನ್ನು ಇತಿಹಾಸದವನ ತಲೆಗೆ ಕಟ್ಟುವುದು ನಮ್ಮಲ್ಲಿ ವಾಡಿಕೆ.

‘ಮೇ ಐ ಹ್ಯಾವ್ ಯುವರ್ ಅಟೆನ್ಷನ್ ಪ್ಲೀಸ್’ ಎಂದು ಗಮನ ಸೆಳೆಯುವ ಪಾಠ ಮುಗಿಯಿತು. ಪ್ಲಾಟ್‌ಫಾರ್ಮ್ ಹೇಳುವ ಪಾಠವೂ ಮುಗಿಯಿತು. ಉಳಿದದ್ದು ಕ್ಷಮೆ ಕೇಳುವ ಪಾಠ. ಅದನ್ನೂ ಕೇಳದೆ ಸರ್ಟಿಫಿಕೇಟ್ ಇಲ್ಲ; ಆಕೆಯೋ ಅದನ್ನು ಗಾಡಿ ತಡವಾದಾಗ ಮಾತ್ರ ಹೇಳುತ್ತಾಳೆ. ನಮ್ಮ ದುರ್ದೈವಕ್ಕೆ ಆ ತಿಂಗಳು ಎಲ್ಲ ಗಾಡಿಗಳೂ ಹೇಳಿದ ಹೊತ್ತಿಗೆ ಬರತೊಡಗಿದವು.

ಇದರಿಂದ ಪೇಚಿಗೆ ಸಿಕ್ಕವಳು ಮಳಖೇಡದ ಜಬೀನಾ. ಕೆಮಿಸ್ಟ್ರಿಯಲ್ಲಿ ಕಾಲೇಜಿಗೇ ಮೊದಲು ಬಂದ ಹುಡುಗಿ. ಪ್ರವೇಶದ ಕೊನೆಯ ದಿನವಾದ ಅಂದು ಮಧ್ಯಾಹ್ನದೊಳಗೆ ಕಲಬುರಗಿಯ ವಿಶ್ವವಿದ್ಯಾಲಯ ಮುಟ್ಟಿ ಇಂಗ್ಲಿಷ್ ಸರ್ಟಿಫಿಕೇಟ್ ತೋರಿಸದಿದ್ದರೆ ಅವಳ ಎಂ.ಎಸ್ಸಿ. ಸೀಟು ಬೇರೆಯವರ ಪಾಲು.

“ಸರ್, ಆ ಕ್ಷಮಾ ಕೇಳೋದು ನನಗ ಬರ್ತದ್ರಿ. ಹೇಳ್ಲೇನ್ರಿ?” ಎಂದಳು.

“ಬಂದ್ರೇನಾಯ್ತವ್ವಾ? ಕೇಳಿಸ್ಕೊಂಡಿರಬೇಕು ಅಂತದ ನಿಯಮ. ಗಾಡಿ ತಡ ಆಗ್ಲಿ ತಡಿ,” ಎಂದರು ಕಲ್ಯಾಣಪ್ಪನವರು.

“ತಡ ಆದ್ರ ಸೀಟ್ ಹೋಗ್ತದ್ರಿ.”

“ಹೋಗ್ತದ ಖರೆ. ಆದ್ರ ಸರ್ಟಿಫಿಕೇಟ್ ಬರ್ತದಲ್ಲ. ಒಂದರೆ ಕೈಯಾಗ ಇರ್ಲಿ.”

ಅವಳ ಅಪ್ಪ ಬಾಬುಮಿಯಾ ದುವಾಕ್ಕೆಂದು ಕೈ ಎತ್ತಿದವರು, ಗಾಡಿ ಲಗೂ ಬರಲಿ ಎನ್ನಬೇಕೋ ತಡವಾಗಲಿ ಎನ್ನಬೇಕೋ ತಿಳಿಯದೆ ಎತ್ತಿದ ಕೈ ಎತ್ತಿಕೊಂಡೇ ಕೂತರು. ನಿಯಮ ಮಾತ್ರ ಸ್ಪಷ್ಟವಾಗಿತ್ತು.

ಅಷ್ಟರಲ್ಲಿ ಮೈಕು ಕೆಮ್ಮಿತು. ಕಲಬುರಗಿಗೆ ಹೋಗುವ ಗಾಡಿ ತಡ! ನಮ್ಮ ವಿದ್ಯಾರ್ಥಿಗಳು ಬೆಂಚು ಹತ್ತಿ ಕುಣಿದರು, ಒಬ್ಬರನ್ನೊಬ್ಬರು ಅಪ್ಪಿಕೊಂಡರು, ಮಿರ್ಚಿ ಭಜಿ ಹಂಚಿದರು. ಅದೇ ಗಾಡಿಗೆ ಸೊಲ್ಲಾಪುರಕ್ಕೆ ಹೊರಟಿದ್ದ ಪ್ರಯಾಣಿಕರು ನಮ್ಮನ್ನು ಬಡಿಯುವ ಹಾಗೆ ನೋಡಿದರು. ಪ್ರಿನ್ಸಿಪಾಲರು ಅಲ್ಲೇ ನಿಂತು ಸಹಿ ಮಾಡಿದರು. ಜಬೀನಾ ಸರ್ಟಿಫಿಕೇಟ್ ಹಿಡಿದು ಅತ್ತಳು.

ಅವಳೊಂದಿಗೆ ನಾವು ವಿಶ್ವವಿದ್ಯಾಲಯ ಮುಟ್ಟಿದಾಗ ಅಧಿಕಾರಿ ಸಂಗಮೇಶ್ವರ ಅವರು ಕಿಟಕಿ ಮುಚ್ಚುತ್ತಿದ್ದರು.

“ಟೈಮ್ ಮುಗೀತು. ಯಾಕ ತಡ ಮಾಡಿದ್ರಿ?”

ಜಬೀನಾ ಕಣ್ಣೊರೆಸಿಕೊಂಡು, ಮೈಕಿನಾಕೆಯ ದನಿಯಲ್ಲೇ ಹೇಳಿದಳು: “ದಿ ಇನ್‌ಕನ್ವೀನಿಯೆನ್ಸ್ ಕಾಸ್ಡ್ ಈಸ್ ಡೀಪ್ಲಿ ರಿಗ್ರೆಟೆಡ್.”

ಅಧಿಕಾರಿಗಳು ಎದ್ದು ನಿಂತರು. ಆ ಕಚೇರಿಯಲ್ಲಿ ತಡವಾದದ್ದಕ್ಕೆ ಅದುವರೆಗೆ ಯಾರೂ ಯಾವ ಭಾಷೆಯಲ್ಲೂ ಕ್ಷಮೆ ಕೇಳಿರಲಿಲ್ಲ.

“ಕುಂದ್ರವ್ವಾ,” ಎಂದರು. “ಮುಂಜಾನಿಂದ ಟೈಮಿಗೆ ಬಂದವ್ರು ಭಾಳ ಮಂದಿ. ಒಬ್ರರೆ ಇಂಗ್ಲಿಷ್‌ನ್ಯಾಗ ಒಂದು ಮಾತಾಡ್ಲಿಲ್ಲ ನೋಡು.”

ಸೀಟು ಅವಳಿಗೇ ಸಿಕ್ಕಿತು. ಮರುದಿನ ವಿಶ್ವವಿದ್ಯಾಲಯದಿಂದ ಸುತ್ತೋಲೆ ಹೊರಟಿತು: ‘ಸಮಯಕ್ಕೆ ಸರಿಯಾಗಿ ಬಂದ ಅಭ್ಯರ್ಥಿಗಳು ಇಂಗ್ಲಿಷಿನಲ್ಲಿ ಕ್ಷಮೆ ಕೇಳುವ ಅವಕಾಶವನ್ನು ಉದ್ದೇಶಪೂರ್ವಕವಾಗಿ ತಪ್ಪಿಸಿಕೊಂಡಿರುವುದರಿಂದ ಅವರ ಪ್ರವೇಶವನ್ನು ತಡೆಹಿಡಿಯಲಾಗಿದೆ.’ ಯಾರೂ ತಕರಾರು ಮಾಡಲಿಲ್ಲ. ಈಗ ಸೇಡಂ, ಚಿಂಚೋಳಿ ಕಡೆಯ ತಾಯಂದಿರು ಮಕ್ಕಳನ್ನು ಕಳಿಸುವಾಗ, “ಲಗೂ ಹೋಗಿ ಬಾಳ್ವಿ ಹಾಳು ಮಾಡ್ಕೋಬ್ಯಾಡ” ಎಂದು ಬುದ್ಧಿ ಹೇಳುತ್ತಾರೆ.

ಜಬೀನಾ ಚೆನ್ನಾಗಿ ಓದುತ್ತಿದ್ದಾಳೆ. ದಿನಾ ಹೊತ್ತಿಗೆ ಸರಿಯಾಗಿ ತರಗತಿಗೆ ಹೋಗಿ, ತಡವಾಗುವವರೆಗೆ ಬಾಗಿಲ ಹೊರಗೆ ನಿಂತು, ಆಮೇಲೆ ಒಳಗೆ ಹೋಗುತ್ತಾಳೆ.