ಬೆಲ್ಲ ಹಚ್ಚಿದ ಮೋಟಾರು

ಒಂದು ಕಾಲಕ್ಕೆ ನನ್ನ ಹತ್ತಿರ ಎರಡು ಸೀಟಿನ ಓಟದ ಮೋಟಾರು ಇತ್ತು ಎಂದರೆ ಈಗಿನ ಹುಡುಗರು ನಂಬುವುದಿಲ್ಲ. ನಂಬದಿದ್ದರೇ ಒಳ್ಳೆಯದು. ನಂಬಿದವರು "ಅದನ್ನ ಹೊಡಕೊಂಡ ಎಲ್ಲೆಲ್ಲಿ ಹೋದ್ರಿ ಕಾಕಾ?" ಎಂದು ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಬೇಕೆಂದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಆಗಿನ್ನೂ ಇಂಗ್ಲಿಷರ ರಾಜ್ಯ. ನಾನು ಮೂಡಲಗಿಯಲ್ಲಿ ಬೆಲ್ಲದ ವ್ಯಾಪಾರಿ. ಕೊಣ್ಣೂರಿನ ಗಾಣಗಳಿಂದ ಬೆಲ್ಲ ತರುವುದು, ಸಂತೆಗಳಿಗೆ ಕಳಿಸುವುದು, ಇಷ್ಟೇ ನನ್ನ ಪ್ರಪಂಚ. ಉಣ್ಣಲು ಉಡಲು ಏನೂ ಕಡಿಮೆ ಇರಲಿಲ್ಲ. ಕಡಿಮೆ ಇದ್ದದ್ದು ಒಂದು ಕುರ್ಚಿ!

ಕುರ್ಚಿಯ ಕತೆ ಹೀಗೆ. ಗೋಕಾಕ, ಹುಕ್ಕೇರಿ ಕಡೆ ಮೋಟಾರು ಇಟ್ಟುಕೊಂಡ ಐದು ಜನ ದೊಡ್ಡ ಮನುಷ್ಯರು ಸೇರಿ 'ಮೋಟಾರ ಮಂಡಳಿ' ಎಂದು ಕಟ್ಟಿಕೊಂಡಿದ್ದರು. ಪ್ರತಿ ಐತವಾರ ಗೋಕಾಕ ಫಾಲ್ಸಿನ ಹತ್ತಿರ ಮೋಟಾರುಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಎದುರು ಬೆತ್ತದ ಕುರ್ಚಿ ಹಾಕಿಕೊಂಡು, ಚಹಾ ಕುಡಿಯುತ್ತ ಎಂಜಿನ್ನಿನ ಮಾತಾಡುವುದೇ ಮಂಡಳಿಯ ಕೆಲಸ. ಒಂದು ದಿನ ನಾನು ಬೆಲ್ಲದ ಚಕ್ಕಡಿ ನಿಲ್ಲಿಸಿ ಬಾಯಿ ತೆರೆದು ನೋಡುತ್ತಿದ್ದೆ. ಮಂಡಳಿಯ ಅಧ್ಯಕ್ಷರು, ಹುಕ್ಕೇರಿಯ ಇನಾಮದಾರ ರಾವಸಾಹೇಬರು, ಕೂತಲ್ಲಿಂದಲೇ ಕೈ ಬೀಸಿದರು.

"ಚಕ್ಕಡಿ ಬಾಜೂ ತಗೊಳ್ಳೋ. ಎತ್ತು ಸಗಣಿ ಹಾಕ್ಯಾವು."

ಅಷ್ಟೇ ಮಾತು. ಆದರೆ ಅದು ನನ್ನ ಎದೆಗೆ ನಾಟಿತು. ಇದೇ ಸಾಲಿನಲ್ಲಿ, ಇದೇ ರಾವಸಾಹೇಬರ ಬಾಜೂದಲ್ಲಿ, ನನ್ನದೂ ಒಂದು ಬೆತ್ತದ ಕುರ್ಚಿ ಬೀಳಲೇಬೇಕು ಎಂದು ಆ ಸಗಣಿಯ ಸಾಕ್ಷಿಯಾಗಿ ಪ್ರತಿಜ್ಞೆ ಮಾಡಿದೆ.

ಅಷ್ಟರಲ್ಲಿ ಯಾವುದೋ ಸಣ್ಣ ಸಂಸ್ಥಾನದ ರಾಜಕುಮಾರ ವಿಲಾಯತಿಗೆ ಹೋಗುತ್ತಾನೆ, ಮೋಟಾರು ಮಾರುತ್ತಾನೆ ಎಂದು ಸುದ್ದಿ ಬಂತು. ಹೋಗಿ ನೋಡಿದೆ. ಉದ್ದ ಮೂಗಿನ, ಕುಳ್ಳ ಮೈಯ, ಬೂದು ಬಣ್ಣದ ಗಾಡಿ. ಹಿಂಭಾಗದಲ್ಲಿ ಒಂದು ಹಿತ್ತಾಳೆಯ ಪಟ್ಟಿ. ರಾಜಕುಮಾರ ಅದರ ಮೇಲೆ ಬೆರಳಿಟ್ಟು ಹೇಳಿದ: "ಈ ನಮೂನೆ ಕಂಪನಿಯವರು ಮಾಡಿದ್ದೇ ಹನ್ನೆರಡು. ಇದು ಏಳನೆಯದು. ಇಂಥ ಗಾಡಿಯನ್ನು ಮಾಲೀಕ ತಾನೇ ನಡೆಸಬೇಕು, ಅದರಲ್ಲೇ ಅದರ ಗತ್ತು."

ಇಡೀ ಪ್ರಪಂಚದಲ್ಲಿ ಹನ್ನೆರಡು! ರಾವಸಾಹೇಬರ ಮೋಟಾರಿನಂಥವು ಬೆಳಗಾವಿ ಒಂದರಲ್ಲೇ ಹತ್ತು ಇದ್ದವು. ಕಬ್ಬಿನ ಹೊಲದ ಒಂದು ಪಟ್ಟಿ ಮಾರಿ ಗಾಡಿ ಕೊಂಡೆ. ನಡೆಸುವುದನ್ನು ಕಲಿಯಲು ಒಂದು ತಿಂಗಳು, ಒಂದು ಬಣವಿ ಮತ್ತು ಎರಡು ಬೇಲಿ ಹಿಡಿದವು.

ಮನೆಯ ಮುಂದೆ ತಂದು ನಿಲ್ಲಿಸಿದಾಗ ನನ್ನ ಹೆಂಡತಿ ಗಂಗವ್ವ ಆರತಿ ತಂದಳು. ಗಾಡಿಯ ಸುತ್ತ ಒಂದು ಸುತ್ತು ಹಾಕಿ, ಒಳಗೆ ಬಗ್ಗಿ ನೋಡಿ, ಆರತಿಯನ್ನು ಕೆಳಗಿಟ್ಟಳು.

"ಏನ್ರಿ, ಮನ್ಯಾಗ ಹನ್ನೊಂದ ಮಂದಿ ಅದೀವಿ. ಇದರಾಗ ಇಬ್ಬರೇ ಕೂಡತಾರ. ಒಬ್ಬರು ನೀವು. ಇನ್ನೊಬ್ಬರು ಯಾರ್ರಿ?"

"ಓಟದ ಗಾಡಿ ಹಿಂಗ ಇರತೈತಿ. ನಿನಗ ತಿಳಿಯೂದಿಲ್ಲ."

"ತಿಳೀತು ಬಿಡ್ರಿ," ಎಂದು ಅವಳು ಆರತಿಯನ್ನು ಎತ್ತಿಕೊಂಡು ಹೋಗಿ ಆಕಳಿಗೆ ಬೆಳಗಿದಳು.

ಮುಂದಿನ ಐತವಾರ ಎದೆ ಉಬ್ಬಿಸಿಕೊಂಡು ಮಂಡಳಿಗೆ ಹೋದೆ. ಐವರೂ ಎದ್ದು ಬಂದು ಗಾಡಿಯನ್ನು ತಡವಿದರು, ತಟ್ಟಿದರು, ಬಗ್ಗಿ ನೋಡಿದರು. ನಾನು ಕುರ್ಚಿಯ ದಾರಿ ಕಾಯುತ್ತ ನಿಂತೆ. ಕುರ್ಚಿ ಬರಲಿಲ್ಲ. ರಾವಸಾಹೇಬರು ಗಂಟಲು ಸರಿಮಾಡಿಕೊಂಡರು.

"ಗಾಡಿ ಖರೇನ ಚೊಲೋ ಐತ್ರಿ. ಆದರ ಇದು ಇನ್ನೂ ಆ ರಾಜಕುಮಾರಂದ. ನಿಮ್ಮದು ಅನ್ನೂವಂಥಾದ್ದು ಇದರಾಗ ಏನೈತಿ? ನನ್ನ ಗಾಡಿ ಹಾರ್ನ್ ನೋಡ್ರಿ, ಹಾವಿನ ಹೆಡಿ ಮಾಡಿಸೇನಿ. ನಮ್ಮ ಮಂಡಳಿ ಡಾಕ್ಟರು ತಮ್ಮ ಗಾಡಿ ಗಾದಿಗೆ ಚಿಗರಿ ಚರ್ಮ ಹೊದಿಸ್ಯಾರ. ನೀವೂ ನಿಮ್ಮದು ಅನಸೂಹಂಗ ಏನರೆ ಮಾಡಿಸಿಕೊಂಡ ಬರ್ರಿ. ಆಮ್ಯಾಲ ನೋಡೂಣು."

ಇಷ್ಟೇ ತಾನೇ! ಗೋಕಾಕದಲ್ಲಿ ಕಟ್ಟಿಗೆಯ ಗೊಂಬೆ, ಕಟ್ಟಿಗೆಯ ಹಣ್ಣು ಮಾಡುವ ಕಲಾವಿದರಿಲ್ಲವೇ? ಅವರು ಬಣ್ಣ ಹಚ್ಚಿದ ಬಾಳೆಹಣ್ಣನ್ನು ಮಂಗ ಕೂಡ ಸುಲಿಯಲು ಹೋಗುತ್ತದೆ. ನೆಟ್ಟಗೆ ಗೊಂಬೆ ಮಾಡುವ ದೇವಪ್ಪನ ಮನೆಗೆ ಮೋಟಾರು ಒಯ್ದೆ. ಅವನು ಪಾಪ ಪ್ರಾಮಾಣಿಕ ಮನುಷ್ಯ, ಕೈ ಮುಗಿದ.

"ಸಾವ್ಕಾರ್ರ, ನಾವು ಕಟ್ಟಿಗಿಗೆ ಬಣ್ಣಾ ಹಚ್ಚಾವರು. ಹುಣಸಿಬೀಜದ ಅಂಟಿನ ಸರಿ ಬಳದು, ಅದರ ಮ್ಯಾಲ ಸುಣ್ಣದ ಖಡಿ ಬಳದು, ಆಮ್ಯಾಲ ಬಣ್ಣ. ಕಬ್ಬಣದ ಮ್ಯಾಲ ಆ ಸರಿ ಹಿಡಿಯೂದಿಲ್ರಿ."

ಇಲ್ಲಿ, ಓದುಗರೇ, ನನ್ನೊಳಗಿನ ಬೆಲ್ಲದ ವ್ಯಾಪಾರಿ ಎಚ್ಚರಗೊಂಡ. ನಮ್ಮ ಕಡೆ ಹಳೆಯ ವಾಡೆಗಳ ಗೋಡೆ ಇವತ್ತಿಗೂ ಯಾಕೆ ಗಟ್ಟಿ ನಿಂತಿವೆ? ಗಾರೆಗೆ ಬೆಲ್ಲ ಬೆರೆಸಿದ್ದಕ್ಕೆ! ಸುಣ್ಣವನ್ನು ಹಿಡಿದಿಡುವ ಶಕ್ತಿ ಬೆಲ್ಲಕ್ಕಿದೆ ಎಂದು ನನ್ನಪ್ಪ ಹೇಳುತ್ತಿದ್ದ. ಗಿರಾಕಿಗಳಿಗೆ ನಾನೂ ಅದನ್ನೇ ಹೇಳಿ ಹೇಳಿ ಕಲ್ಲುಬೆಲ್ಲವನ್ನೂ ಮಾರಿದ್ದೆ.

"ದೇವಪ್ಪಾ, ಸರಿಗೆ ಬೆಲ್ಲ ಹಾಕು. ನೂರ ವರ್ಷ ಅಲಗಾಡೂದಿಲ್ಲ."

"ಗೊಂಬಿಗೆ ಬೆಲ್ಲ ಯಾರೂ ಹಾಕೂದಿಲ್ರಿ."

"ಬೆಲ್ಲದ ವಿಷಯ ನನಗ ಹೇಳತೀಯೇನೋ?"

ನಾನೇ ಅರ್ಧ ಪೆಂಟಿ ಬೆಲ್ಲ ಕಳಿಸಿಕೊಟ್ಟೆ, ಪುಕ್ಕಟೆಯಾಗಿ. ಹತ್ತು ದಿನದಲ್ಲಿ ಮೋಟಾರು ತಯಾರಾಯಿತು. ಆಹಾ! ಉದ್ದ ಮೂಗಿನ ಮೇಲೆ ಬಾಳೆಗೊನೆ, ಎರಡೂ ಬಾಗಿಲಿಗೆ ನವಿಲು, ಸೀಟಿನ ಹಿಂದಿನ ಅಗಲ ಜಾಗದಲ್ಲಿ ರೆಕ್ಕೆ ಬಿಚ್ಚಿದ ಹಸಿರು ಗಿಳಿ. ಗಿಳಿಯ ಹೊಟ್ಟೆ ಬಂದದ್ದು ಸರಿಯಾಗಿ ಆ ಹಿತ್ತಾಳೆಯ ಪಟ್ಟಿಯ ಮೇಲೆ. ಹನ್ನೆರಡರಲ್ಲಿ ಏಳು ಎಂಬುದು ಗಿಳಿಯ ಹೊಟ್ಟೆಯಲ್ಲಿ ಹೋಯಿತು. ಹೋಗಲಿ, ಈಗ ಇದು ಒಂದರಲ್ಲಿ ಒಂದು!

ಮರುದಿನ ಬೆಳಿಗ್ಗೆ ಗಂಗವ್ವ ಹಲ್ಲುಜ್ಜುತ್ತಿದ್ದ ನನ್ನನ್ನು ಕರೆದಳು.

"ಮೋಟಾರದಾಗ ಇಬ್ಬರೇ ಕೂಡತಾರ ಅಂದಿದ್ರಿ. ಒಂದ ಲಕ್ಷ ಕುಂತಾವ್ರಿ, ಬಂದ ನೋಡ್ರಿ."

ಇರುವೆ! ಕೆಂಪಿರುವೆ, ಕರಿಯಿರುವೆ, ಕಟ್ಟಿರುವೆ, ನಾನು ಹುಟ್ಟಿದ ಮೇಲೆ ಕಂಡರಿಯದ ಜಾತಿಯ ಇರುವೆ. ಕೊನೆಗೆ ಅವಳೇ ಉಪಾಯ ಹೇಳಿದಳು: "ಅಡಗಿಮನಿ ಕಪಾಟಿನ ಕಾಲಿಗೆ ನೀರಿನ ಬಟ್ಲಾ ಇಡೂದಿಲ್ಲೇನು? ಹಂಗ ನಾಕೂ ಗಾಲಿಗೆ ಪರಾತ ಇಟ್ಟು ನೀರ ತುಂಬಸ್ರಿ." ಅವಳು ಚೇಷ್ಟೆಗೆ ಹೇಳಿದ್ದು. ನಾನು ನಿಜವಾಗಿ ನಾಲ್ಕು ಪರಾತ ತಂದು ಇಟ್ಟೆ. ಪ್ರಪಂಚದಲ್ಲಿ ಹನ್ನೆರಡೇ ಇರುವ ಓಟದ ಮೋಟಾರು ನೀರಿನ ಪರಾತಗಳಲ್ಲಿ ಕಾಲಿಟ್ಟು ನಿಂತದ್ದನ್ನು ನೋಡಲು ಮೂಡಲಗಿಯ ಅರ್ಧ ಊರು ಬಂತು.

ಐತವಾರ ಮಂಡಳಿಗೆ ಹೋದೆ. ಐವರೂ ನೋಡಿದರು. ಆಮೇಲೆ ಡಾಕ್ಟರು ಚಹಾ ಉಗುಳಿದರು. ರಾವಸಾಹೇಬರು ಹೊಟ್ಟೆ ಹಿಡಿದುಕೊಂಡು ನಕ್ಕರು, ಕಣ್ಣೀರು ಒರೆಸಿಕೊಂಡರು, ಮತ್ತೆ ನಕ್ಕರು. ಇಷ್ಟು ಸಂತೋಷವನ್ನು ಇವರಿಗೆ ಬೇರೆ ಯಾರು ಕೊಟ್ಟಾರು ಎಂದು ನಾನೂ ನಕ್ಕೆ. ಎಂಥ ಮೂರ್ಖ ನಾನು!

"ಭೇಷ್! ಭೇಷ್!" ಎಂದರು ರಾವಸಾಹೇಬರು. "ಬರೂ ವಾರ ನಮ್ಮ ಮಗನ ಲಗ್ನ ಐತಿ. ಮದಿಮಗನ ಮೆರವಣಿಗಿಗೆ ಇದಽ ಗಾಡಿ ಬೇಕು. ಮಂದಿ ನೋಡಲಿ. ತಗೊಂಡ ಬರ್ರಿ."

"ಮಂಡಳಿಯವರೆಲ್ಲಾ ಬರತಾರೇನ್ರಿ?"

"ಬರದಽ ಏನು! ಮಂಟಪದಾಗ ಮಂಡಳಿದ ಒಂದ ಸಾಲ ಕುರ್ಚಿ ಬ್ಯಾರೇನ ಹಾಕಸಾಕತ್ತೇನಿ."

ಕುರ್ಚಿ! ಆ ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ಲಗ್ನದ ದಿನ ಜರಿಯ ರುಮಾಲು ಸುತ್ತಿ, ಹೊಸ ಕೋಟು ತೊಟ್ಟು ಹೊರಟೆ. ಗಂಗವ್ವ ಇಲಕಲ್ಲ ಸೀರೆ ಉಟ್ಟು, ಬುತ್ತಿ ಕಟ್ಟಿಕೊಂಡು ಬಾಗಿಲಲ್ಲಿ ನಿಂತಿದ್ದಳು.

"ಬ್ಯಾಡ," ಎಂದೆ. "ಅದು ಮದಿಮಗ ಕೂಡೂ ಸೀಟು. ಸುಕ್ಕ ಆಗತೈತಿ."

ಅವಳು ಬುತ್ತಿಯನ್ನು ಒಳಗಿಟ್ಟು ಬಂದಳು. "ಆತ್ರಿ, ಹೋಗಿ ಬರ್ರಿ. ಕುರ್ಚಿ ಸಿಕ್ಕರ ಗಟ್ಟಿ ಹಿಡಕೊಂಡ ಕೂಡ್ರಿ." ಅವಳನ್ನು ಆ ದಿನ ಬಿಟ್ಟು ಹೋದದ್ದು ನೆನಪಾದರೆ ಈಗಲೂ ನನ್ನ ಕಪಾಳಕ್ಕೆ ನಾನೇ ಹೊಡೆದುಕೊಳ್ಳಬೇಕೆನಿಸುತ್ತದೆ.

ಬೇಸಿಗೆಯ ಬಿಸಿಲು. ಘೋಡಗೇರಿ ದಾಟುವಷ್ಟರಲ್ಲಿ ನೊಣಗಳು ಜೊತೆಯಾದವು. ಹುಕ್ಕೇರಿ ಮುಟ್ಟಿದಾಗ ನನ್ನ ಹಿಂದೆ ನೊಣಗಳದೇ ಒಂದು ದಿಬ್ಬಣವಿತ್ತು.

ಮೆರವಣಿಗೆಗೆ ಮದುಮಗನನ್ನು ತಂದು ನನ್ನ ಬಾಜೂ ಸೀಟಿನಲ್ಲಿ ಕೂಡಿಸಿದರು. ಗಾಡಿ ಕುಳ್ಳು, ಹುಡುಗ ಒಳಗೆ ಮುಳುಗಿಹೋದ. ಅವನ ತಾಯಿ ಕೂಗಿದರು: "ಬಾಸಿಂಗ ಕಾಣವಲ್ತು! ಮ್ಯಾಲ ಕುಂಡ್ರಸ್ರಿ ಅವನ್ನ!" ಮೇಲೆ ಎಂದರೆ ಎಲ್ಲಿ? ಸೀಟಿನ ಹಿಂದಿನ ಅಗಲ ಜಾಗದಲ್ಲಿ. ಬಿಳಿ ರೇಷ್ಮೆ ಧೋತರದ ಮದುಮಗ ನನ್ನ ಗಿಳಿಯ ಮೇಲೆ ಆಸೀನನಾದ.

ಹಾರುವಂತೆ ಓಡಲು ಹುಟ್ಟಿದ ಎಂಜಿನ್ನನ್ನು ಬಾಜಾದವರ ಹಿಂದೆ ಹೆಜ್ಜೆ ಹೆಜ್ಜೆ ನಡೆಸಬೇಕು. ಮೇಲೆ ಬಿಸಿಲು, ಕೆಳಗೆ ಎಂಜಿನ್ನು. ಬೆಲ್ಲದ ಪಾಕ ಹೇಗೆ ಏರುತ್ತದೆ ಎಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ವಾಸನೆ ಬಂದಾಗಲೇ ಗೊತ್ತಾಯಿತು, ಪಾಕ ಎಳೆಗೆ ಬಂದಿದೆ ಎಂದು. ಬಾಳೆಗೊನೆ ಮೆಲ್ಲಗೆ ಜಾರಿ ದೀಪದ ಮೇಲೆ ಬಂತು. ಬಾಗಿಲಿನ ನವಿಲು ರಸ್ತೆಗಿಳಿಯಿತು. ಹಿಂದೆ ದಡ್ಡಿ ಊರಿನಿಂದ ಬಂದ ಬೀಗರ ಚಕ್ಕಡಿಗಳು. ಮೊದಲನೇ ಚಕ್ಕಡಿಯ ಎತ್ತುಗಳು ಮೂಗು ಅರಳಿಸಿ ಮುಂದೆ ಬಂದು ಮೋಟಾರನ್ನು ನೆಕ್ಕತೊಡಗಿದವು. ನೆಕ್ಕುತ್ತ ನೆಕ್ಕುತ್ತ ಮೇಲೇರಿ ಮದುಮಗನ ಬೆನ್ನನ್ನೂ ನೆಕ್ಕಿದವು.

"ಏ! ಏ! ಗಾಡಿ ಜೋರ ಬಿಡ್ರಿ!" ಎಂದು ಅವನು ಚೀರಿದ. ಜೋರು ಬಿಟ್ಟರೆ ಮುಂದೆ ಶಹನಾಯಿಯವ ಇದ್ದ!

ಮಂಟಪದ ಮುಂದೆ ನಿಲ್ಲಿಸಿದೆ. ಮದುಮಗ ಏಳಲಿಲ್ಲ. ಏಳಲು ಬರಲಿಲ್ಲ! ಅಂಟಿಕೊಂಡಿದ್ದ. ನಾಲ್ಕು ಜನ ಬಗಲಿಗೆ ಕೈ ಹಾಕಿ "ಹರ ಹರ" ಎಂದು ಎಳೆದರು. ಚರ್ ಎಂದು ಶಬ್ದವಾಗಿ ಹುಡುಗ ಬಂದ. ಅವನ ಜೊತೆ ಗಿಳಿಯೂ ಬಂತು, ಇಡಿಯಾಗಿ, ರೆಕ್ಕೆ ಸಮೇತ, ಬಿಳಿ ಧೋತರದ ಹಿಂಭಾಗದಲ್ಲಿ. ಹುಕ್ಕೇರಿಯ ಮಂದಿ ಆ ಹೊತ್ತು ನಕ್ಕಷ್ಟು ಮುಂದೆ ಎಂದೂ ನಕ್ಕಿರಲಾರರು. ಅವನ ತಾಯಿ ನನಗೆ ಅಂದ ಮಾತುಗಳನ್ನು ಇಲ್ಲಿ ಬರೆಯಲಾರೆ.

ಹೋಗಲಿ. ಆಗಿದ್ದು ಆಯಿತು, ನನ್ನ ಕುರ್ಚಿ ಎಲ್ಲಿ? ಕೋಟಿಗೆ ಅಂಟಿದ ಬೆಲ್ಲ ಒರೆಸಿಕೊಂಡು ಮಂಟಪದೊಳಗೆ ಹೋದೆ. ಬೆತ್ತದ ಕುರ್ಚಿಗಳ ಸಾಲು ಇತ್ತು. ಎಣಿಸಿದೆ. ಐದು. ಐದರಲ್ಲೂ ಜನ ಇದ್ದರು. ಇನಾಮದಾರರ ಕಾರಭಾರಿ ಬಂದು ನನ್ನ ದಾರಿಗೆ ಅಡ್ಡ ನಿಂತ.

"ಡ್ರೈವರ ಮಂದಿ ಪಂಗ್ತಿ ಹಿತ್ತಲದಾಗ ಐತಿ."

"ನಾನು ಡ್ರೈವರ ಅಲ್ರಿ. ಮೋಟಾರ ನಂದು. ಜಗತ್ತಿನಾಗ ಹನ್ನೆರಡ ಅದಾವು, ಇದು ಏಳನೇದು!"

"ಏಳರೆ ಇರಲಿ ಎಂಟರೆ ಇರಲಿ. ಹೊಡಕೊಂಡ ಬಂದಾವರು ಯಾರು?"

"ನಾನಽ."

"ಮತ್ತ?"

ನಾನು ರಾವಸಾಹೇಬರ ಕಡೆ ನೋಡಿದೆ. ಅವರೂ ನೋಡಿದರು. ಬಹಳ ಪ್ರೀತಿಯಿಂದ ಹೇಳಿದರು: "ಅಲ್ಲೇ ಹೋಗ್ರಿ. ಅಲ್ಲಿ ಬಿಸಿ ಬಿಸಿ ಬಡಸತಾರ. ಇಲ್ಲಿಗೆ ಬರೂದರಾಗ ಎಲ್ಲಾ ಆರಿರತೈತಿ." ಬೈದಿದ್ದರೆ ಎದುರು ಬೈಯಬಹುದಿತ್ತು. ಉಪಚಾರ ಮಾಡಿದವರ ಮೇಲೆ ಹೇಗೆ ಹರಿಹಾಯುವುದು? ಡಾಕ್ಟರು ತಮ್ಮ ಬೂಟು ನೋಡಿಕೊಂಡರು. ನಾನು ಹಿತ್ತಲಿಗೆ ಹೋದೆ.

ಹಿತ್ತಲಲ್ಲಿ ಐವರ ಐದು ಡ್ರೈವರುಗಳು ಎಲೆಯ ಮುಂದೆ ಕೂತಿದ್ದರು. ರಾವಸಾಹೇಬರ ಡ್ರೈವರ ಹುಸೇನಸಾಬ ಸರಿದು ಜಾಗ ಕೊಟ್ಟ. ನನ್ನ ಮುಖ ನೋಡಿ ಅವನಿಗೆ ಕನಿಕರ ಬಂದಿರಬೇಕು.

"ಸಾವ್ಕಾರ್ರ, ಸಿಟ್ಟಾಗಬ್ಯಾಡ್ರಿ. ಚಕ್ರ ಹಿಡದಾಂವ ಡ್ರೈವರ, ಹಿಂದ ಕುಂತಾಂವ ಮಾಲಕ. ನಿಮ್ಮ ಗಾಡ್ಯಾಗ ಹಿಂದ ಅನ್ನೂದಽ ಇಲ್ಲ. ತಗೊಳ್ಳೂಮುಂದ ನಮ್ಮನ್ನರೆ ಒಂದ ಮಾತ ಕೇಳಬಾರದಾಗಿತ್ತೇನ್ರಿ?"

"ನಿಮ್ಮ ರಾವಸಾಹೇಬರಿಗೆ ಗಾಡಿ ಹೊಡ್ಯಾಕ ಬರತೈತೇನು?"

"ಚಾಲೂ ಮಾಡಾಕ ಸೈತ ಬರೂದಿಲ್ಲ," ಎಂದ. ಉಳಿದ ನಾಲ್ವರೂ ತಲೆ ಆಡಿಸಿದರು. ಎಂಜಿನ್ನಿನ ಬಗ್ಗೆ ವರ್ಷಗಟ್ಟಲೆ ಭಾಷಣ ಮಾಡಿದ ಆ ಐವರಲ್ಲಿ ಒಬ್ಬನಿಗೂ ಮೋಟಾರು ನಡೆಸಲು ಬರುತ್ತಿರಲಿಲ್ಲ! ಬರುತ್ತಿದ್ದದ್ದು ನನಗೊಬ್ಬನಿಗೆ. ಅದಕ್ಕೇ ನನ್ನ ಎಲೆ ಹಿತ್ತಲಲ್ಲಿ ಬಿತ್ತು. ಹೊಲ ಮಾರಿ, ಬಣವಿ ಕೆಡವಿ ಕಷ್ಟಪಟ್ಟು ಕಲಿತ ವಿದ್ಯೆ ಇದು. ಹೋಳಿಗೆ ಬಿಸಿಯಾಗಿಯೇ ಇತ್ತು.

ಊಟವಾದ ಮೇಲೆ ಕಾರಭಾರಿ ಆಯೇರಿಯ ಬಟ್ಟೆ ಕೊಡಲು ಬಂದ. ಹುಸೇನಸಾಬನಿಗೆ ಒಂದು ಧೋತರ. ಎರಡನೆಯವನಿಗೆ ಧೋತರ. ಮೂರು, ನಾಲ್ಕು, ಐದು, ಎಲ್ಲರಿಗೂ ಧೋತರ. ನನ್ನ ಕೈಯಲ್ಲಿ ಒಂದು ಟಾವೆಲ್ಲು ಇಟ್ಟ.

"ಇದೇನ್ರಿ?"

"ಮದಿಮಗನ ಧೋತರ ಕೆಡಿಸೀದಿ. ನಿನಗ ಇಷ್ಟಽ."

ಕುರ್ಚಿ ತಪ್ಪಿದಾಗ ಬಾಯಿ ಮುಚ್ಚಿಕೊಂಡಿದ್ದೆ. ಹಿತ್ತಲಿಗೆ ಅಟ್ಟಿದಾಗ ತಲೆ ತಗ್ಗಿಸಿ ಬಂದಿದ್ದೆ. ಅಷ್ಟೊತ್ತೂ ಒಳಗೊಳಗೇ ಕುದಿದ ಸಿಟ್ಟೆಲ್ಲ ಆ ಟಾವೆಲ್ಲಿನ ಮೇಲೆ ಉಕ್ಕಿತು. ಅದನ್ನು ನೆಲಕ್ಕೆ ಒಗೆದು ಎದ್ದು ನಿಂತು, ಮಂಟಪಕ್ಕೆ ಕೇಳುವಂತೆ, ಬೆತ್ತದ ಕುರ್ಚಿಗಳ ಸಾಲಿಗೆ ಕೇಳುವಂತೆ ಒದರಿದೆ:

"ಎಲ್ಲಾ ಡ್ರೈವರಗೂ ಧೋತರ, ನನಗ್ಯಾಕ ಟಾವೆಲ್ಲು? ನಾನೂ ಡ್ರೈವರ ಅಲ್ಲೇನು?"

ಬಾಜಾ ನಿಂತಿತು. ಸಾಲಿನಿಂದ ರಾವಸಾಹೇಬರ ದನಿ ಬಂತು: "ಅಂವಗೂ ಒಂದ ಧೋತರ ಕೊಡ್ರೋ. ಖರೇ ಹೇಳಾಕತ್ತಾನ."

ಕೊಟ್ಟರು. ಎರಡೂ ಕೈ ಚಾಚಿ ಇಸಿದುಕೊಂಡೆ. ಅಷ್ಟೇ ಅಲ್ಲ, ಬಿಚ್ಚಿ ಅಂಚನ್ನು ಬೆರಳಲ್ಲಿ ತಿಕ್ಕಿ ನೋಡಿದೆ, ಬಣ್ಣ ಬಿಡುತ್ತದೆಯೋ ಎಂದು!