ಜೇವರ್ಗಿ ಮುಟ್ಟದ ಬಸ್ಸು

ನಮ್ಮ ಸೋದರಮಾವ ದಿನಾ ಸಂಜೆ ಆಳಂದದಿಂದ ಜೇವರ್ಗಿಗೆ ಬಸ್ ಬಿಡುತ್ತಾರೆ. ಆ ಬಸ್ಸಿಗೆ ಡೀಸೆಲ್ ಬೇಡ, ಡಾಂಬರು ಬೇಡ, ಮಾವ ಪಡಸಾಲೆ ಬಿಟ್ಟು ಕದಲಬೇಕಾಗಿಯೂ ಇಲ್ಲ. ಇನ್ನೊಂದು ವಿಶೇಷವೆಂದರೆ, ಮೊನ್ನೆಮೊನ್ನೆಯವರೆಗೆ ಅದು ಒಂದು ದಿನವೂ ಜೇವರ್ಗಿ ಮುಟ್ಟಿರಲಿಲ್ಲ!

ಗಾಬರಿಯಾಗಬೇಡಿ, ಮಾವನ ತಲೆ ನೆಟ್ಟಗಿದೆ. ಅದು ಕಂಪ್ಯೂಟರಿನಲ್ಲಿ ಬಸ್ ಓಡಿಸುವ ಆಟ. ಮಾವ ನೌಕರಿಯುದ್ದಕ್ಕೂ ಕಂಡಕ್ಟರ್ ಆಗಿದ್ದವರು. ಅವರ ಗಾಡಿಯ ಡ್ರೈವರ್ ಬೇರೆ ಯಾರೂ ಅಲ್ಲ, ಅವರ ಷಡ್ಡಕ, ಅಂದರೆ ನಮ್ಮ ಅತ್ತೆಯ ತಂಗಿಯ ಗಂಡ. ಒಬ್ಬರ ಕೈಯಲ್ಲಿ ಸ್ಟೇರಿಂಗು, ಇನ್ನೊಬ್ಬರ ಬಾಯಲ್ಲಿ ಸೀಟಿ. ಮಾವ ಎಷ್ಟು ಗೋಗರೆದರೂ ಷಡ್ಡಕ ಸ್ಟೇರಿಂಗ್ ಮುಟ್ಟಗೊಡಲಿಲ್ಲ. "ನೀ ಟಿಕೆಟ್ ಹರಿ, ನಾ ಗಾಡಿ ಹೊಡಿತೇನಿ. ಅದಲು ಬದಲಾದ್ರ ಇಬ್ಬರೂ ನೌಕರಿ ಬಿಟ್ಟು ಮನಿಗಿ ಹೋಗ್ತೇವಿ" ಎನ್ನುತ್ತಿದ್ದರಂತೆ.

ಜೇವರ್ಗಿಯಲ್ಲಿ ಷಡ್ಡಕನ ಮನೆ ರಸ್ತೆಗೇ ಇತ್ತು. ಭೀಮಾ ಹೊಳೆಯ ಸೇತುವೆ ದಾಟಿ ಊರು ಹೊಕ್ಕ ಕೂಡಲೇ ಅವರು ಎರಡು ಸಲ ಉದ್ದಕ್ಕೆ ಹಾರ್ನ್ ಹೊಡೆಯುತ್ತಿದ್ದರು. ಅದು ಕಿವಿಗೆ ಬಿದ್ದದ್ದೇ ತಡ, ಒಳಗೆ ಸಣ್ಣತ್ತೆ, ಅಂದರೆ ಅವರ ಹೆಂಡತಿ, ಒಲೆಯ ಮೇಲೆ ರೊಟ್ಟಿ ಹಂಚು ಇಡುತ್ತಿದ್ದಳು. ಗಾಡಿ ನಿಲ್ಲಿಸಿ ಇಬ್ಬರೂ ಕೈಕಾಲು ತೊಳೆದು ಬರುವಷ್ಟರಲ್ಲಿ ಬಿಸಿ ರೊಟ್ಟಿ ತಾಟಿಗೆ ಬಿದ್ದಿರುತ್ತಿತ್ತು.

ಷಡ್ಡಕ ಹೋದ ವರ್ಷ ತೀರಿಕೊಂಡರು. ಆಮೇಲೆ ಒಂದು ದಿನ ಮಾವ ಎಲ್ಲಿಂದಲೋ ಕ್ಯಾಮೆರಾ ಇದ್ದ ಹಳೆಯ ಕಂಪ್ಯೂಟರ್ ತಂದು, ಅದಕ್ಕೊಂದು ಸ್ಟೇರಿಂಗ್ ಜೋಡಿಸಿ, ಈ ಆಟ ಹಾಕಿಸಿಕೊಂಡು ಕೂತರು. ಯಾಕ್ರೀ ಮಾವಾ ಇದೆಲ್ಲಾ ಎಂದು ಕೇಳಿದೆ. "ಒಂದ ಆಸೆ ನೋಡವ್ವಾ. ಹೊಳಿ ದಾಟಬೇಕು, ಎರಡು ಹಾರ್ನ್ ಹೊಡಿಬೇಕು. ಮುಗೀತು" ಎಂದರು.

ಆಟದೊಳಗಿನ ಊರುಗಳೆಲ್ಲ ಯಾವುದೋ ಪರದೇಶದವು. ಅದಕ್ಕೆ ಮಾವ ಅಂಜುವವರೇ? ಮೊದಲ ನಿಲ್ದಾಣಕ್ಕೆ ಕಿಣ್ಣಿ ಸುಲ್ತಾನ ಎಂದು ಹೆಸರಿಟ್ಟರು. ದೊಡ್ಡ ಗಡಿಯಾರದ ಗೋಪುರವಿದ್ದ ಊರು ಮಾದನಹಿಪ್ಪರಗಾ ಆಯಿತು. ಹಸಿರು ಹೊಲ ಕಂಡಲ್ಲಿ, "ಕಬ್ಬು ಹಚ್ಚ್ಯಾರ, ಹಂಗಾದ್ರ ಇದು ಕರಜಗಿ" ಎಂದು ತೀರ್ಮಾನಿಸಿದರು. ಹೊಳೆ ಬಂದರೆ ಅದೇ ಭೀಮಾ, ಸೇತುವೆಯ ಆಚೆ ಕಾಣುವ ಕೆಂಪು ಹೆಂಚಿನ ಊರು ಜೇವರ್ಗಿ. ಕೋಟು ತೊಟ್ಟ ಪರದೇಶದ ಪ್ರಯಾಣಿಕರು ಹತ್ತುತ್ತಾರೆ, ಮಾವ ಕೂಗುತ್ತಾರೆ: "ಏ ಯಪ್ಪಾ, ಒಳಗ ಸರಕೊಂಡು ನಿಂದರ್ರಿ, ಬಾಗಲ್ದಾಗ ಯಾಕ ನಿಂತೀರಿ? ಕರಜಗೀ, ಕರಜಗೀ!"

ಆಟದಲ್ಲಿ ಕಂಡಕ್ಟರ್ ಇಲ್ಲ ನೋಡಿ. ಹಾಗಾಗಿ ಎರಡೂ ಕೆಲಸ ಮಾವನದೇ. ಕೊರಳಲ್ಲಿ ಸೀಟಿ ತೂಗುಹಾಕಿಕೊಂಡು, ತಾವೇ ಊದಿ, ತಾವೇ "ರೈಟ್ ರೈಟ್" ಎಂದು, ತಾವೇ "ಹಾಂ, ಬಿಟ್ಟೆ" ಎಂದು ಗೇರ್ ಹಾಕುತ್ತಾರೆ. ನಡುವೆ ಅತ್ತೆ ಚಹಾ ತಂದಿಟ್ಟರೆ ಕುಡಿಯುವುದಿಲ್ಲ.

"ಚಾ ಆರಾಕತ್ತದ್ರೀ!"

"ಗಾಡಿ ನಡದಾಗ ಚಾ ಕುಡ್ಯಾಕ ಬರಾಂಗಿಲ್ಲ. ಮಾದನಹಿಪ್ಪರಗಾ ಬರ್ಲಿ, ನಿಲ್ಲಸ್ತೇನಿ."

ಅತ್ತೆ ನನ್ನ ಕಡೆ ತಿರುಗಿ ಹಣೆ ಬಡಿದುಕೊಳ್ಳುತ್ತಾಳೆ. ಆದರೂ ಆ ಕಪ್ಪನ್ನು ಒಯ್ದು ಮತ್ತೆ ಬಿಸಿ ಮಾಡಿಕೊಂಡು ಬರುತ್ತಾಳೆ.

ಇಷ್ಟೆಲ್ಲಾ ಶಿಸ್ತಿನ ಬಸ್ಸು ಸೇತುವೆಯ ಮೇಲೆ ಬಂದರೆ ಸಾಕು, ತಡವರಿಸುತ್ತಿತ್ತು. ಚಿತ್ರ ತುಂಡುತುಂಡಾಗಿ ಬಂದು, ಹೊಳೆಯ ನಟ್ಟನಡುವೆ ಗಪ್ಪನೆ ನಿಂತುಬಿಡುತ್ತಿತ್ತು. ಕಂಪ್ಯೂಟರ್ ಡಬ್ಬಿಯೊಳಗಿನ ಫ್ಯಾನು ಮಾತ್ರ ಗಿರಣಿಯ ಹಾಗೆ ಅರಚುತ್ತಿತ್ತು. ನಾನು ಅಫಜಲಪುರದ ಶಾಲೆಯೊಂದರಲ್ಲಿ ಮಕ್ಕಳಿಗೆ ಕಂಪ್ಯೂಟರ್ ಕಲಿಸುವವಳು. ಹಾಗಾಗಿ ಫೋನು ನನಗೇ ಬಂತು.

"ಎಂಜಿನ್ ಕಾದದ. ನೀರು ಎಲ್ಲಿ ಹಾಕಬೇಕು?"

"ಮಾವಾ, ಕೈ ಮುಗಿತೇನಿ, ನೀರು ಹಾಕಬ್ಯಾಡ್ರಿ!"

ನೀರು ಹಾಕಲಿಲ್ಲ, ನಿಜ. ಮನೆಯಲ್ಲಿದ್ದ ಒಂದೇ ಒಂದು ಕೂಲರನ್ನು ಎಳೆದು ತಂದು ಕಂಪ್ಯೂಟರಿನ ಮುಖಕ್ಕೆ ಹಚ್ಚಿದರು. ನಮ್ಮ ಕಡೆಯ ಬಿಸಿಲು ನಿಮಗೆ ಗೊತ್ತಲ್ಲ? ಅತ್ತೆ ಬೀಸಣಿಕೆ ಹಿಡಿದು ಹೊಸ್ತಿಲಲ್ಲಿ ಕೂತಳು. "ಆ ಡಬ್ಬಿ ಆಗಿಯಾದ್ರೂ ಹುಟ್ಟಬೇಕಿತ್ತು ನಾ" ಎಂದು ಬೀದಿಗೆಲ್ಲ ಕೇಳುವಂತೆ ಹೇಳಿದಳು.

ಶನಿವಾರ ಶಾಲೆ ಮುಗಿಸಿಕೊಂಡು ಹೋಗಿ ಡಬ್ಬಿ ಬಿಚ್ಚಿದೆ. ಒಳಗೆ ಜೋಳದ ಹಿಟ್ಟು, ತೊಗರಿ ಹೊಟ್ಟು, ಒಂದು ಸತ್ತ ಜಿರಳೆ! ಮಾವ ಸೈಕಲ್ ಪಂಪು ತಂದು ಊದಿದರು. ಆ ಕೆಲಸದಲ್ಲಿ ಅವರ ನಾಜೂಕು ನೋಡಬೇಕಿತ್ತು, ಕೂಸಿನ ಕಣ್ಣಿಗೆ ಬಿದ್ದ ಕಸ ತೆಗೆದ ಹಾಗೆ. ಫ್ಯಾನಿನ ಅರಚಾಟ ಇಳಿಯಿತು. ಸಂಜೆ ಬಸ್ಸು ಜೋರಾಗಿ ಹೋಗಿ ಅದೇ ಸೇತುವೆಯ ಮೇಲೆ ನಿಂತಿತು.

ಮರುದಿನ ಬೆಳಗ್ಗೆ ನಾನು ಟಾಸ್ಕ್ ಮ್ಯಾನೇಜರ್, ಅಂದರೆ ಕಂಪ್ಯೂಟರಿನೊಳಗೆ ನಡೆದಿರುವ ಕೆಲಸಗಳ ಪಟ್ಟಿ, ತೆರೆದು ತೋರಿಸಿದೆ. "ನೋಡ್ರಿ, ಪ್ರೊಸೆಸರ್ ಅಂದ್ರ ಎಂಜಿನ್. ಇವೆಲ್ಲಾ ಅದರ ಮ್ಯಾಲ ಕೂತಾವು."

ಮಾವ ಕನ್ನಡಕ ಏರಿಸಿದರು. ಅಷ್ಟುದ್ದದ ಹೆಸರುಗಳ ಸಾಲು ಕಂಡು ಅವರ ಮುಖ ಬಿಗಿಯಿತು. "ಇಷ್ಟು ಮಂದಿ ನನ್ನ ಗಾಡಿಯಾಗ ಯಾವಾಗ ಹತ್ತ್ಯಾರ? ಟಿಕೆಟ್ ತಗೊಂಡಾರೇನು?" ಎನ್ನುತ್ತಲೇ ಒಬ್ಬೊಬ್ಬರನ್ನೇ ಇಳಿಸತೊಡಗಿದರು. "ನೀ ಯಾರಪ್ಪಾ? ಇಳಿ. ನೀ? ನೀನೂ ಇಳಿ." ಒಂದು ಹೆಸರಿಗೆ ಬಂದಾಗ ಕಂಪ್ಯೂಟರ್ ಎಚ್ಚರಿಕೆ ಕೊಟ್ಟಿತು: ಇದನ್ನು ನಿಲ್ಲಿಸಿದರೆ ಎಲ್ಲವೂ ನಿಂತೀತು! ನಾನು ಬೇಡ ಬೇಡ ಎನ್ನುವುದರೊಳಗೆ ಮಾವ ಒತ್ತಿಯೇಬಿಟ್ಟರು. "ಟಿಕೆಟ್ ಇಲ್ಲದಾವ್ರು ಹಿಂಗ ಹೆದರಸ್ತಾರ ಬೇ. ಇವ್ರನ್ನ ಎಷ್ಟು ಮಂದಿ ನೋಡೇನಿ!"

ಪರದೆ ಕಪ್ಪಾಯಿತು.

"ಮಾವಾ, ನೀವು ಇಳಿಸಿದ್ದು ಪ್ಯಾಸೆಂಜರ್ ಅಲ್ರಿ, ಡ್ರೈವರನ್ನ!"

ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿ, ಇನ್ನು ಮುಂದೆ ಚೆಕಿಂಗ್ ಮಾಡಕೂಡದೆಂದು ಆಣೆ ಹಾಕಿಸಿಕೊಂಡೆ. ಉಳಿದದ್ದು ಒಂದೇ ದಾರಿ. ಆಟದಲ್ಲಿ ಪ್ರಯಾಣಿಕರನ್ನೂ ರಸ್ತೆಯ ಮೇಲಿನ ಗಾಡಿಗಳನ್ನೂ ಕಡಿಮೆ ಮಾಡಿದರೆ ಪ್ರೊಸೆಸರಿಗೆ ಹಗುರ, ಆ ಹೊಳೆಯ ನೀರಿನ ಚಿತ್ರದ ಭಾರ ಹೊತ್ತೀತು ಎಂದೆ. ಮಾವ ನನ್ನನ್ನು ನೋಡಿದ ನೋಟ ಇಂದಿಗೂ ಮರೆತಿಲ್ಲ. "ಖಾಲಿ ಗಾಡಿ ಹೊಡಿಬೇಕಾ? ಗಾಡಿ ಕೆಟ್ಟು ಡಿಪೋಕ್ಕ ಹೋಗೂವಾಗ ಅಷ್ಟ ಖಾಲಿ ಇರ್ತದ. ನನ್ನ ಜೀವ ಇರೂತನ ನನ್ನ ಬಸ್ ಖಾಲಿ ಹೋಗಾಂಗಿಲ್ಲ!"

ಹಟಕ್ಕೆ ಮದ್ದುಂಟೇ? ಆದರೆ ನಾನೂ ಅವರ ಸೋದರಸೊಸೆಯೇ ಅಲ್ಲವೇ! ಆ ಸಂಜೆ ಅವರು ಆಡುವಾಗಲೇ ಪಕ್ಕದಲ್ಲಿ ಕೂತೆ. ಬಸ್ಸು ಸೇತುವೆಯ ಮೇಲೆ ಹೆಣಗುತ್ತಿದ್ದಂತೆ ಆಟವನ್ನು ಪಕ್ಕಕ್ಕೆ ಸರಿಸಿ ಟಾಸ್ಕ್ ಮ್ಯಾನೇಜರ್ ನೋಡಿದೆ. ಆಟದ ಕೆಳಗೆ, ಬೆಳಗ್ಗೆ ಇರದಿದ್ದ ಇನ್ನೊಬ್ಬರು ಪ್ರೊಸೆಸರಿನ ಅರ್ಧ ಜಾಗ ಹಿಡಿದು ಕೂತಿದ್ದರು. ವಿಡಿಯೋ ಕರೆ! ತೆರೆದು ನೋಡಿದರೆ ಜೇವರ್ಗಿಯ ಸಣ್ಣತ್ತೆ. ತನ್ನ ಕಡೆಯ ಧ್ವನಿ ಬಂದ್ ಮಾಡಿಕೊಂಡು, ಗಲ್ಲಕ್ಕೆ ಕೈಹಚ್ಚಿ, ಸುಮ್ಮನೆ ನಮ್ಮನ್ನೇ ನೋಡುತ್ತಿದ್ದಳು.

ಅಡುಗೆಮನೆಯ ಬಾಗಿಲಲ್ಲಿ ಅತ್ತೆ ಸೆರಗಿನ ಚುಂಗು ಹಿಂಡುತ್ತ ನಿಂತಳು. "ನಾನ ಹಚ್ಚೇನ್ರಿ. ನನ್ನ ಫೋನು ಬಟನಿಂದು, ಅದರಾಗ ಮಾರಿ ಕಾಣಾಂಗಿಲ್ಲ. ನೀವು ಮಾರಿ ತೊಳ್ಕೊಂಡು ಬರೂದ್ರಾಗ ಇದರಾಗ ಹಚ್ಚಿಡ್ತೇನಿ. ನೀವು ಊರಿನ ಹೆಸರು ಕೂಗೂದು, ಸೀಟಿ ಹೊಡಿಯೂದು ಕೇಳಬೇಕಂತ ಆಕಿಗಿ. ಅವ್ರ ಗಾಡಿ ಬರಾಕತ್ತದ ಅನಸ್ತದಂತ. ನಿಮಗ ಹೇಳಿದ್ರ ನಾಚಿಕೊಂಡು ಕೂಗೂದು ಬಿಡ್ತೀರಿ ಅಂತ ಹೇಳ್ಲಿಲ್ಲ."

ಮಾವ ಸ್ಟೇರಿಂಗ್ ಬಿಡಲಿಲ್ಲ. ನಾನೇ ಮೆಲ್ಲಗೆ ಹೇಳಿದೆ: "ಇದೊಂದು ಬಂದ್ ಮಾಡಿದ್ರ ಬಸ್ ಸರಾಗ ಹೋಗ್ತದ್ರಿ ಮಾವಾ. ಇಲ್ಲಾ, ಚಿತ್ರ ಬಂದ್ ಮಾಡಿ ಬರೀ ಧ್ವನಿ ಇಡೂಣೇನು?"

"ಹುಚ್ಚಿ" ಎಂದರು ಮಾವ. "ಡ್ರೈವರ್ ಹೆಂಡತಿ ಆಕಿ. ಫ್ಯಾಮಿಲಿ ಪಾಸ್ ಅದ ಆಕಿಗಿ. ಇಳಸ್ತಾರೇನು? ಕಿಟಕಿ ಸೀಟು ಕೊಡಬೇಕು."

ಆಮೇಲೆ ಅವರು ಮಾಡಿದ್ದನ್ನು ನಾನು ಕಣ್ಣಾರೆ ನೋಡದಿದ್ದರೆ ನಂಬುತ್ತಿರಲಿಲ್ಲ. "ಆ ಕಡಿಮಿ ಮಾಡೂದು ಎಲ್ಲದ, ತೋರಸು" ಎಂದರು. ತೋರಿಸಿದೆ. ಜೀವಮಾನದಲ್ಲಿ ಖಾಲಿ ಗಾಡಿ ಬಿಡದ ಮನುಷ್ಯ ಕೋಟಿನವರನ್ನೆಲ್ಲ ಇಳಿಸಿದರು. ರಸ್ತೆಯ ಕಾರುಗಳನ್ನು ತೆಗೆದರು, ಕರಜಗಿಯ ಕಬ್ಬನ್ನೂ ತೆಗೆದರು. ಬಸ್ಸು ಮತ್ತೆ ಆಳಂದದಿಂದ ಹೊರಟಿತು. ಸೀಟುಗಳೆಲ್ಲ ಖಾಲಿ, ಪರದೆಯ ಮೂಲೆಯಲ್ಲಿ ನಾನು ಕೂರಿಸಿದ ಸಣ್ಣತ್ತೆ ಮಾತ್ರ. ಆದರೂ ಮಾವ ಒಂದೂ ನಿಲ್ದಾಣ ಬಿಡದೆ, ಎಂದಿಗಿಂತ ಜೋರಾಗಿ ಹೆಸರು ಕೂಗಿದರು. ಚಹಾ ಆರುತ್ತಿದೆ ಎಂದು ಅತ್ತೆ ಆವತ್ತು ಹೇಳಲಿಲ್ಲ.

ಸೇತುವೆ ಬಂತು. ಬಸ್ಸು ತಡವರಿಸಲಿಲ್ಲ. ಕೆಳಗೆ ಹೊಳೆ ಹಿಂದೆ ಸರಿಯಿತು, ಕೆಂಪು ಹೆಂಚುಗಳು ಹತ್ತಿರ ಬಂದವು. ಮಾವ ಕಣ್ಣೊರೆಸಿಕೊಂಡು ಎರಡು ಸಲ, ಉದ್ದಕ್ಕೆ, ಹಾರ್ನ್ ಹೊಡೆದರು.

"ಜೇವರ್ಗೀ! ಜೇವರ್ಗಿ ಬಂತವ್ವಾ!"

ಆಮೇಲೆ ಸ್ಪೀಕರಿನಲ್ಲಿ ಟಕ್ಕೆಂದಿತು. ಸಣ್ಣತ್ತೆ ತನ್ನ ಕಡೆಯ ಧ್ವನಿ ಬಿಟ್ಟಿದ್ದಳು. ಪರದೆಯ ಮೂಲೆಯಲ್ಲಿ ಅವಳಿರಲಿಲ್ಲ, ಬರೀ ಖಾಲಿ ಕುರ್ಚಿ ಕಾಣುತ್ತಿತ್ತು. ಒಳಗೆಲ್ಲೋ ಒಲೆಯ ಮೇಲೆ ಹಂಚು ಇಟ್ಟ ಸಪ್ಪಳ, ಅದರ ಹಿಂದೆಯೇ ಪಟಪಟ ರೊಟ್ಟಿ ಬಡಿಯುವ ಸಪ್ಪಳ ಕೇಳಿಸಿತು.